ಕ್ಯಾಮ್‌ಶಾಫ್ಟ್ ಬದಲಾವಣೆ: ಕೆಲಸ ಎಷ್ಟು ಗಂಟೆ, ಕಾರು ನಿಲ್ಲುವುದು ಎಷ್ಟು ದಿನ?

ಎಂಜಿನ್‌ನ ಮೇಲ್ಭಾಗದಿಂದ ಟಕಟಕ ಸದ್ದು ಬರುತ್ತಿದೆಯೆಂದು ಕಾರನ್ನು ಗ್ಯಾರೇಜಿಗೆ ಒಯ್ಯುತ್ತೀರಿ. ಮೆಕ್ಯಾನಿಕ್ ಕವರ್ ಬಿಚ್ಚಿ, ಟಾರ್ಚ್ ಹಿಡಿದು ನೋಡಿ, "ಕ್ಯಾಮ್ ತಿಂದುಹೋಗಿದೆ ಸಾರ್, ಚೇಂಜ್ ಮಾಡ್ಲೇಬೇಕು" ಅನ್ನುತ್ತಾನೆ. ಎಷ್ಟು ಹೊತ್ತಿನ ಕೆಲಸ ಎಂದು ವಿಚಾರಿಸಿದರೆ ಒಂದು ಕಡೆ "ಬೆಳಿಗ್ಗೆ ಬಿಟ್ಟು ಸಂಜೆ ತಗೊಂಡ್ಹೋಗಿ" ಎಂಬ ಉತ್ತರ, ಇನ್ನೊಂದು ಕಡೆ "ಒಂದು ವಾರ ಆಗುತ್ತೆ" ಎಂಬ ಉತ್ತರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲಿನವನು ಹೇಳಿದ್ದು ಸ್ಪ್ಯಾನರ್ ಹಿಡಿದು ಮಾಡುವ ಕೆಲಸದ ಗಂಟೆ. ಎರಡನೆಯವನು ಹೇಳಿದ್ದು ಕಾರು ಅಲ್ಲಿ ನಿಲ್ಲುವ ದಿನ. ಇವೆರಡನ್ನೂ ಬೇರೆಬೇರೆಯಾಗಿ ಕೇಳದಿದ್ದರೆ ಅರ್ಧ ಗೊಂದಲ, ಮುಕ್ಕಾಲು ಜಗಳ.

ಮೊದಲು ಅಂದಾಜು ಲೆಕ್ಕ ಹೇಳಿಬಿಡೋಣ. ಕ್ಯಾಮ್ ಎಂಜಿನ್‌ ಹೆಡ್‌ನಲ್ಲೇ ಇದ್ದು, ರಬ್ಬರ್ ಟೈಮಿಂಗ್ ಬೆಲ್ಟ್ ಅದನ್ನು ತಿರುಗಿಸುವ ಚಿಕ್ಕ ಕಾರಾದರೆ ಕೈ ಪಳಗಿದವರಿಗೆ ನಾಲ್ಕರಿಂದ ಆರು ಗಂಟೆ. ಬೆಲ್ಟಿನ ಬದಲು ಚೈನ್ ಇದ್ದು ಕ್ಯಾಮ್‌ಗಳೂ ಎರಡಿದ್ದರೆ ಆರರಿಂದ ಹತ್ತು ಗಂಟೆ. ವಿ ಆಕಾರದ ಆರು ಸಿಲಿಂಡರ್ ಎಂಜಿನ್‌ನಲ್ಲಿ ಹೆಡ್ ಎರಡು, ಕ್ಯಾಮ್ ಸಾಮಾನ್ಯವಾಗಿ ನಾಲ್ಕು. ಅಲ್ಲಿಗೆ ಎರಡು ಪೂರ್ತಿ ದಿನ. ಹಳೆಯ ಅಂಬಾಸಿಡರ್‌ನಂತೆ ಕ್ಯಾಮ್ ಬ್ಲಾಕಿನ ಹೊಟ್ಟೆಯೊಳಗೆ ಕೂತಿದ್ದರೆ ಎರಡರಿಂದ ಮೂರು ದಿನ. ಇವೆಲ್ಲ ಸಾಮಾನು ಕೈಗೆ ಬಂದಿದೆ, ಒಳಗೆ ಬೇರೇನೂ ಕೆಟ್ಟಿಲ್ಲ ಎಂದಿಟ್ಟುಕೊಂಡು ಹೇಳಿದ ಗಂಟೆಗಳು. ಕ್ಯಾಲೆಂಡರಿನ ಲೆಕ್ಕದಲ್ಲಿ ಬೆಂಗಳೂರು, ಹುಬ್ಬಳ್ಳಿಯಂಥ ಊರಿನಲ್ಲಿ ಎರಡರಿಂದ ನಾಲ್ಕು ದಿನ, ಸಾಮಾನು ಹೊರಗಿನಿಂದ ಬರಬೇಕಾದರೆ ಒಂದು ವಾರ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಕ್ಯಾಮ್‌ಶಾಫ್ಟ್ ಎಂದರೆ ಸಾಲಾಗಿ ಉಬ್ಬುಗಳಿರುವ ಒಂದು ಉಕ್ಕಿನ ಅಥವಾ ಎರಕದ ಕಬ್ಬಿಣದ ದಂಡ. ಉಬ್ಬಿಗೆ ಗ್ಯಾರೇಜಿನಲ್ಲಿ ಲೋಬ್ ಎನ್ನುತ್ತಾರೆ. ದಂಡ ತಿರುಗಿದಂತೆ ಒಂದೊಂದು ಲೋಬ್ ಒಂದೊಂದು ವಾಲ್ವನ್ನು ಒತ್ತಿ ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತಿರುತ್ತದೆ. ಗಂಟೆಗೆ ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಒಂದು ಲಕ್ಷ ಕಿಲೋಮೀಟರ್ ಓಡಲು 2500 ಗಂಟೆ ಬೇಕು. ಅಷ್ಟು ಹೊತ್ತು ಎಂಜಿನ್ ಸರಾಸರಿ 2000 ಸುತ್ತಿನಲ್ಲಿ ನಡೆದರೆ ಒಂದು ಲೋಬ್ 15 ಕೋಟಿ ಸಲ ಉಜ್ಜಿಸಿಕೊಂಡಿರುತ್ತದೆ. ಇಷ್ಟಾದರೂ ಒಳ್ಳೆಯ ಆಯಿಲ್ ಸಕಾಲಕ್ಕೆ ಬದಲಾಗುತ್ತಿದ್ದರೆ ಕ್ಯಾಮ್ ಸವೆಯುವುದೇ ಅಪರೂಪ. ಎಷ್ಟೋ ಕಾರುಗಳು ಹುಟ್ಟಿದ ಕ್ಯಾಮ್‌ನಲ್ಲೇ ಗುಜರಿ ಸೇರುತ್ತವೆ. ಹಾಗಾಗಿ ಕ್ಯಾಮ್ ಹಾಳಾಗಿದೆ ಎಂದರೆ ಅದರ ಹಿಂದೆ ಇನ್ನೊಂದು ಕಾರಣ ಇದ್ದೇ ಇರುತ್ತದೆ ಎಂದು ತಿಳಿಯಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಹೋಗಿದ್ದು ಕ್ಯಾಮ್ ಹೌದೇ?

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿ, ಸ್ಕ್ಯಾನರ್ ಹಾಕಿದಾಗ ಪಿ0340 ಎಂಬ ಕೋಡ್ ಬಂದು, ಅದರ ಪಕ್ಕದಲ್ಲಿ ಕ್ಯಾಮ್‌ಶಾಫ್ಟ್ ಎಂಬ ಪದ ಕಂಡೊಡನೆ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಆ ಕೋಡ್ ಹೇಳುವುದು ಕ್ಯಾಮ್ ಎಲ್ಲಿದೆಯೆಂದು ನೋಡುವ ಸೆನ್ಸರ್ ಅಥವಾ ಅದರ ವೈರಿನ ಬಗ್ಗೆ. ಸೆನ್ಸರ್ ಬದಲಿಸುವುದು ಹೆಚ್ಚಿನ ಕಾರುಗಳಲ್ಲಿ ಒಂದೋ ಎರಡೋ ಬೋಲ್ಟಿನ, ಅರ್ಧ ಗಂಟೆಯ ಕೆಲಸ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ತಾಳ ತಪ್ಪಿದೆ ಎಂದರ್ಥ. ಅದಕ್ಕೆ ಹಿಗ್ಗಿದ ಚೈನ್, ಒಂದು ಹಲ್ಲು ಜಿಗಿದ ಬೆಲ್ಟ್ ಅಥವಾ ವಾಲ್ವ್ ಟೈಮಿಂಗ್ ಬದಲಿಸುವ ಆಯಿಲ್ ಕಂಟ್ರೋಲ್ ವಾಲ್ವ್‌ನಲ್ಲಿ ಕಟ್ಟಿಕೊಂಡ ಕೊಳೆ ಕಾರಣವಾಗಿರುವುದೇ ಹೆಚ್ಚು. ಟಕಟಕ ಸದ್ದೂ ಅಷ್ಟೆ. ಲೋಬ್‌ನ ಒತ್ತನ್ನು ವಾಲ್ವ್‌ಗೆ ಮುಟ್ಟಿಸುವ ಟ್ಯಾಪೆಟ್ ಸಡಿಲವಾದರೂ ಬರುತ್ತದೆ, ಆಯಿಲ್ ಕಡಿಮೆಯಾದರೂ ಬರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಇಂಜೆಕ್ಟರ್‌ನ ಸಹಜ ಸದ್ದೇ ಹಾಗಿರುತ್ತದೆ.

ಕ್ಯಾಮ್ ಸವೆದಿದೆ ಎನ್ನಲು ಕಣ್ಣಿನ ಸಾಕ್ಷಿ, ಅಳತೆಯ ಸಾಕ್ಷಿ ಎರಡೂ ಬೇಕು. ವಾಲ್ವ್ ಕವರ್ ತೆಗೆಯಲು ಅರ್ಧ ಗಂಟೆಯಿಂದ ಒಂದು ಗಂಟೆ. ಲೋಬ್ ಮೇಲೆ ಗೀರು, ಗುಳಿ, ಚೂಪಾದ ಅಂಚು, ಸಪಾಟಾದ ತುದಿ ಕಂಡರೆ ಅನುಮಾನ ಸರಿ. ಮೈಕ್ರೋಮೀಟರಿನಲ್ಲಿ ಪ್ರತಿ ಲೋಬ್‌ನ ಎತ್ತರ ಅಳೆದು, ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಕೊಟ್ಟ ಕನಿಷ್ಠ ಮಿತಿಯೊಂದಿಗೆ ಹೋಲಿಸಿದರೆ ಅನುಮಾನ ಖಾತ್ರಿಯಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಗಂಟೆಗಳು ಎಲ್ಲಿ ಹೋಗುತ್ತವೆ

ಕ್ಯಾಮ್‌ಶಾಫ್ಟನ್ನು ಹಿಡಿದಿಡುವ ಕ್ಯಾಪ್‌ಗಳನ್ನು ಬಿಚ್ಚಿದ ಮೇಲೆ ಅದನ್ನು ಎತ್ತಿ ಹೊರಗಿಡಲು ಐದು ನಿಮಿಷವೂ ಬೇಡ. ಅಟ್ಟದ ಮೂಲೆಯಲ್ಲಿರುವ ಹಂಡೆ ತೆಗೆಯಲು ಮುಂದಿನ ಪಾತ್ರೆಪರಡಿಯನ್ನೆಲ್ಲ ಇಳಿಸಬೇಕಲ್ಲ, ಇಲ್ಲೂ ಹಾಗೆ. ಏರ್ ಫಿಲ್ಟರ್ ಡಬ್ಬಿ, ಇಗ್ನಿಷನ್ ಕಾಯಿಲ್, ಡೀಸೆಲ್ ಆದರೆ ಇಂಜೆಕ್ಟರ್ ಪೈಪುಗಳು, ವಾಲ್ವ್ ಕವರ್, ಪಕ್ಕದ ಫ್ಯಾನ್ ಬೆಲ್ಟ್, ಎಂಜಿನ್ ಮೌಂಟಿಂಗ್, ಟೈಮಿಂಗ್ ಕವರ್, ಆಮೇಲೆ ಬೆಲ್ಟ್ ಅಥವಾ ಚೈನ್. ಇಂದಿನ ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತಿರುವುದರಿಂದ ಟೈಮಿಂಗ್ ಕವರ್ ಇರುವುದು ಬಲಗಡೆಯೋ ಎಡಗಡೆಯೋ ಚಕ್ರದ ಪಕ್ಕ, ಕಾರಿನ ಬಾಡಿಯಿಂದ ನಾಲ್ಕು ಬೆರಳಿನಷ್ಟು ದೂರ. ಎಂಜಿನ್ನಿಗೆ ಕೆಳಗಿನಿಂದ ಜಾಕ್ ಕೊಟ್ಟು, ಮೌಂಟಿಂಗ್ ಬಿಚ್ಚಿ, ಸ್ವಲ್ಪ ಎತ್ತಿ ಸ್ವಲ್ಪ ಇಳಿಸಿ, ಸಿಕ್ಕ ಸಂದಿಯಲ್ಲಿ ಕೈ ಹಾಕಬೇಕು.

ಮಾರುತಿ 800 ಇದ್ದ ಕಾಲದಲ್ಲಿ ಈ ಕೆಲಸ ಸಲೀಸು. 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್ನಿಗೆ ಒಂದೇ ಕ್ಯಾಮ್, ಅದಕ್ಕೊಂದು ಬೆಲ್ಟ್, ಸುತ್ತ ಕೈ ಆಡಲು ಧಾರಾಳ ಜಾಗ. ಅದರ ನಂತರ ಬಂದ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ, ಅಂದರೆ ಸ್ವಿಫ್ಟ್‌, ವ್ಯಾಗನ್ ಆರ್‌ಗಳಲ್ಲಿ ಬಂದಂಥವುಗಳಲ್ಲಿ, ಕ್ಯಾಮ್ ಎರಡು ಮತ್ತು ಬೆಲ್ಟಿನ ಜಾಗದಲ್ಲಿ ಚೈನ್. ಚೈನ್ ಆಯಿಲ್‌ನಲ್ಲಿ ನೆನೆದುಕೊಂಡೇ ಓಡುವುದರಿಂದ ಅದರ ಕವರನ್ನು ಸೀಲೆಂಟ್ ಹಾಕಿ ಬಿಗಿಯಾಗಿ ಮುಚ್ಚಿರುತ್ತಾರೆ. ಹಲವು ಚೈನ್ ಎಂಜಿನ್‌ಗಳಲ್ಲಿ ಆ ಕವರ್ ತೆಗೆಯಬೇಕೆಂದರೆ ಕೆಳಗಿನ ಆಯಿಲ್ ಸಂಪನ್ನೂ ಇಳಿಸಬೇಕಾಗುತ್ತದೆ. ನಾಲ್ಕು ಗಂಟೆಯ ಕೆಲಸ ಎಂಟಾಗುವುದು ಇಲ್ಲಿ.

ಇದನ್ನು ತಪ್ಪಿಸಲು ಒಂದು ಒಳದಾರಿಯಿದೆ. ಮುಂದಿನ ಕವರ್ ಮುಟ್ಟದೆ, ಚೈನನ್ನು ಸ್ಪ್ರಾಕೆಟ್ಟಿಗೆ ಕಟ್ಟಿ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಹೊರಗೆ ಜಿಗಿಯದಂತೆ ಬೆಣೆ ಕೊಟ್ಟು, ಮೇಲಿನಿಂದಲೇ ಕ್ಯಾಮ್ ಜಾರಿಸುವುದು. ಕೆಲವು ಎಂಜಿನ್‌ಗಳಿಗೆ ಇದಕ್ಕೆಂದೇ ಕಂಪನಿಯ ಟೂಲ್ ಇದೆ, ಅಲ್ಲಿ ಇದು ತಪ್ಪಲ್ಲ. ಟೂಲ್ ಇಲ್ಲದೆ ಪ್ಲಾಸ್ಟಿಕ್ ಟೈ, ಮರದ ಚೂರು ನಂಬಿಕೊಂಡು ಮಾಡುವವರೂ ಇದ್ದಾರೆ. ಟೆನ್ಷನರ್ ಒಂದು ಹಲ್ಲು ಹೊರಗೆ ಬಂದರೂ ಅದನ್ನು ಹಿಂದಕ್ಕೆ ತಳ್ಳಲು ಹಲವು ಎಂಜಿನ್‌ಗಳಲ್ಲಿ ಕೊನೆಗೆ ಕವರ್ ಬಿಚ್ಚಲೇಬೇಕು. ಸವೆದ ಕ್ಯಾಮ್ ಇರುವ ಎಂಜಿನ್ನಿನ ಚೈನ್ ಹೇಗಿದೆ ಎಂದು ನೋಡದೆ ಮುಚ್ಚುವುದು ನನಗೆ ಸರಿಯೆನಿಸುವುದಿಲ್ಲ. ಎರಡೂ ಕುಡಿದದ್ದು ಅದೇ ಆಯಿಲ್.

ಕ್ಯಾಪ್‌ಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಮನ್ನು ಅದರ ಜಾಗದಲ್ಲಿ ಹಿಡಿದಿಡುವ ಈ ಅಲ್ಯೂಮಿನಿಯಂ ತುಂಡುಗಳನ್ನು ಕಾರ್ಖಾನೆಯಲ್ಲಿ ಹೆಡ್ಡಿನ ಜೊತೆಗೇ ಬಿಗಿದು, ಒಟ್ಟಿಗೆ ಕೊರೆದಿರುತ್ತಾರೆ. ಹಾಗಾಗಿ ಮೂರನೆಯ ಕ್ಯಾಪ್ ಮೂರನೆಯ ಜಾಗಕ್ಕೇ, ಅದೇ ದಿಕ್ಕಿಗೇ ಕೂರಬೇಕು. ಅದಕ್ಕೆಂದೇ ಮೇಲೆ ಸಂಖ್ಯೆ, ಬಾಣದ ಗುರುತು ಇರುತ್ತವೆ. ಅದಲುಬದಲಾದರೆ ಹೊಸ ಕ್ಯಾಮ್ ಹಿಡಿದುಕೊಂಡು ಕೂರುತ್ತದೆ. ಬಿಚ್ಚುವಾಗಲೂ ಅವಸರ ಸಲ್ಲ. ಯಾವುದೋ ಎರಡು ಮೂರು ಲೋಬ್ ಯಾವತ್ತೂ ವಾಲ್ವ್‌ಗಳನ್ನು ಒತ್ತಿ ಹಿಡಿದಿರುತ್ತವೆ, ಆ ಸ್ಪ್ರಿಂಗ್‌ಗಳು ಕ್ಯಾಮನ್ನು ಮೇಲಕ್ಕೆ ದೂಡುತ್ತಿರುತ್ತವೆ. ಒಂದು ಕಡೆಯ ಬೋಲ್ಟ್ ಪೂರ್ತಿ ತೆಗೆದುಬಿಟ್ಟರೆ ಕ್ಯಾಮ್ ಓರೆಯಾಗಿ ಎದ್ದು ಕ್ಯಾಪ್ ಸೀಳಬಹುದು, ಎರಕದ ಕಬ್ಬಿಣದ ಕ್ಯಾಮ್ ಆದರೆ ಅದೇ ಮುರಿಯಬಹುದು. ಸರ್ವಿಸ್ ಪುಸ್ತಕ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ತುದಿಗಳಿಂದ ನಡುವಿಗೆ, ಒಂದೊಂದನ್ನೂ ಕಾಲು ಸುತ್ತು, ಅರ್ಧ ಸುತ್ತು ಸಡಿಲಿಸುತ್ತ ಬರಬೇಕು. ಕೂರಿಸುವಾಗ ನಡುವಿನಿಂದ ತುದಿಗೆ. ಬಿಗಿತವೂ ಹೆಚ್ಚಲ್ಲ, ಹಲವು ಚಿಕ್ಕ ಎಂಜಿನ್‌ಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸು. ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿದು ಅಲ್ಯೂಮಿನಿಯಂ ಮರೆ (ಥ್ರೆಡ್) ಕಿತ್ತುಬಂದರೆ, ಆ ತೂತಿಗೆ ಹೊಸ ಮರೆ ಕೂರಿಸಲು ಅರ್ಧ ದಿನ ಹೆಚ್ಚಿಗೆ ಹೋಯಿತು.

ಟ್ಯಾಪೆಟ್ ಗ್ಯಾಪ್: ಎರಡು ಸಲ ಮಾಡುವ ಕೆಲಸ

ಹೊಸ ಕ್ಯಾಮ್ ಕೂತಿತು, ಇನ್ನೇನು ಕವರ್ ಮುಚ್ಚಿದರಾಯಿತು ಎಂದುಕೊಳ್ಳುವ ಹೊತ್ತಿಗೆ ನಿಜವಾದ ತಾಳ್ಮೆಯ ಕೆಲಸ ಶುರು. ಕ್ಯಾಮ್‌ಗೂ ಟ್ಯಾಪೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ ಕಡೆ ಹೆಚ್ಚುಕಡಿಮೆ 0.2 ಮಿಲಿಮೀಟರ್, ಬಿಸಿ ಹೆಚ್ಚು ತಿನ್ನುವ ಎಕ್ಸಾಸ್ಟ್ ಕಡೆ ಇನ್ನೊಂದಿಷ್ಟು ಹೆಚ್ಚು. ಕರಾರುವಾಕ್ಕಾದ ಅಂಕಿ ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಸಂದು ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ, ಹೆಚ್ಚಾದರೆ ಸದ್ದು, ಪೆಟ್ಟು. ಹಳೆಯ ಕ್ಯಾಮ್‌ಗೆ ಸರಿಯಿದ್ದ ಸಂದು ಹೊಸದಕ್ಕೆ ಸರಿಯಿರಬೇಕೆಂದೇನೂ ಇಲ್ಲ.

ಮಾರುತಿ 800, ಹೋಂಡಾ ಸಿಟಿಯ ಹಲವು ಪೆಟ್ರೋಲ್ ಎಂಜಿನ್‌ಗಳಲ್ಲಿರುವಂತೆ ವಾಲ್ವನ್ನು ಒತ್ತುವ ರಾಕರ್ ಎಂಬ ಸನ್ನೆಯ ಮೇಲೆ ಸ್ಕ್ರೂ ಮತ್ತು ಲಾಕ್‌ನಟ್ ಇದ್ದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬಕೆಟ್ ಮಾದರಿಯ ಟ್ಯಾಪೆಟ್ ಇದ್ದರೆ ಹಾಗಲ್ಲ. ಅಲ್ಲಿ ತಿರುಗಿಸಲು ಸ್ಕ್ರೂ ಇಲ್ಲ, ದಪ್ಪ ಬೇರೆಯಿರುವ ಇನ್ನೊಂದು ಬಕೆಟ್ಟನ್ನೇ ಹಾಕಬೇಕು. ಲೆಕ್ಕ ಸುಲಭ: ಈಗಿರುವ ಬಕೆಟ್ 3.20 ಮಿಲಿಮೀಟರ್, ಅಳೆದಾಗ ಸಂದು 0.30, ಬೇಕಾದದ್ದು 0.20 ಎಂದಾದರೆ ಹೊಸ ಬಕೆಟ್ 3.30 ಇರಬೇಕು. ಹದಿನಾರು ವಾಲ್ವ್‌ಗಳ ಎಂಜಿನ್ನಿನಲ್ಲಿ ಇಂಥ ಹದಿನಾರು ಲೆಕ್ಕ. ಅದರಲ್ಲಿ ಐದಾರು ತಪ್ಪಿದ್ದರೂ ಬಕೆಟ್ ಬದಲಿಸಲು ಕ್ಯಾಮನ್ನು ಮತ್ತೆ ಎತ್ತಬೇಕು, ಮತ್ತೆ ಕೂರಿಸಬೇಕು, ಮತ್ತೆ ಅಳೆಯಬೇಕು. ಅದೇ ಅಳತೆಯ ಬಕೆಟ್ ಅಂಗಡಿಯಲ್ಲಿ ಇಲ್ಲದಿದ್ದರೆ ಆರ್ಡರ್ ಹಾಕಿ ಕಾಯಬೇಕು. ಗ್ಯಾರೇಜಿನಲ್ಲಿ ಕಾರು ಸುಮ್ಮನೆ ನಿಂತಿರುವಂತೆ ಕಾಣುವ ಎಷ್ಟೋ ದಿನಗಳ ಗುಟ್ಟು ಇಷ್ಟೇ. ಬೇಗ ಕೊಡಬೇಕೆಂಬ ಒತ್ತಡದಲ್ಲಿ ಬಿಟ್ಟುಹೋಗುವ ಹಂತವೂ ಇದೇ.

ಇಲ್ಲೊಂದು ಸಣ್ಣ ಉಪಾಯ. ಸಂದು ಅಳೆಯಬೇಕಾದ್ದು ಎಂಜಿನ್ ಪೂರ್ತಿ ತಣಿದ ಮೇಲೆ. ಬೆಳಿಗ್ಗೆ ಹತ್ತಕ್ಕೆ ಕಾರು ಓಡಿಸಿಕೊಂಡು ಹೋದರೆ ಅದು ತಣಿಯುವಷ್ಟರಲ್ಲಿ ಊಟದ ಹೊತ್ತು. ಹಿಂದಿನ ಸಂಜೆಯೇ ಬಿಟ್ಟುಬಂದರೆ ಅರ್ಧ ದಿನ ಉಳಿಯುತ್ತದೆ. ಹಳೆಯ ಕ್ಯಾಮ್ ತೆಗೆಯುವ ಮುಂಚೆಯೇ ಎಲ್ಲ ಸಂದುಗಳನ್ನೂ ಅಳೆದು ಬರೆದಿಟ್ಟುಕೊಂಡರೆ ಯಾವ ಲೋಬ್ ಎಷ್ಟು ಸವೆದಿದೆ ಎಂಬುದೂ ತಿಳಿಯುತ್ತದೆ.

ಆಯಿಲ್ ಒತ್ತಡದಿಂದ ತಾನೇ ಸಂದು ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಅಳೆಯುವ ಗೋಜಿಲ್ಲ. ಆದರೆ ಕಾಯುವ ಗೋಜಿದೆ. ಹೊಸ ಹೈಡ್ರಾಲಿಕ್ ಟ್ಯಾಪೆಟ್ ಮೊದಲಿಗೆ ಪೂರ್ತಿ ಉಬ್ಬಿಕೊಂಡಿರುತ್ತದೆ. ಕ್ಯಾಮ್ ಬಿಗಿದ ತಕ್ಷಣ ಸ್ಟಾರ್ಟ್ ಮಾಡಿದರೆ ವಾಲ್ವ್ ಅಗತ್ಯಕ್ಕಿಂತ ಕೆಳಗಿಳಿದು ಪಿಸ್ಟನ್ನಿಗೆ ಬಡಿಯಬಹುದು. ಅದಕ್ಕೇ ಫೋಕ್ಸ್‌ವ್ಯಾಗನ್ ಬಳಗದ ಸರ್ವಿಸ್ ಪುಸ್ತಕಗಳು ಸುಮಾರು 30 ನಿಮಿಷ ಎಂಜಿನ್ ಮುಟ್ಟಬೇಡಿ ಎನ್ನುತ್ತವೆ.

ಅದೇ ಬಳಗದ ಪಂಪ್ ಡ್ಯೂಸ ಮಾದರಿಯ ಡೀಸೆಲ್ ಎಂಜಿನ್, ನಮ್ಮಲ್ಲಿ ಸ್ಕೋಡಾ ಲಾರಾದಲ್ಲಿ ಬಂದ 1.9 ಲೀಟರಿನದು, ಕ್ಯಾಮ್ ಸವೆತಕ್ಕೆ ಹೆಸರಾಗಿತ್ತು. ಅದರ ಕ್ಯಾಮ್ ವಾಲ್ವ್‌ಗಳ ಜೊತೆಗೆ ಇಂಜೆಕ್ಟರನ್ನೂ ಒತ್ತಬೇಕಿತ್ತು. ಇಂಜೆಕ್ಟರಿನ ಲೋಬ್‌ಗೆ ಜಾಗ ಮಾಡಿಕೊಡಲು ವಾಲ್ವ್‌ಗಳ ಲೋಬ್ ಕಿರಿದಾದವು, ಕಿರಿದಾದದ್ದು ಬೇಗ ಸವೆಯಿತು. ಅದರಲ್ಲಿ ರಾಕರ್ ಶಾಫ್ಟಿನ ಬೋಲ್ಟ್‌ಗಳು ಬಿಗಿದಾಗ ಹಿಗ್ಗುವ ಜಾತಿಯವು, ಪ್ರತಿ ಸಲವೂ ಹೊಸದೇ ಬೇಕು. ಮಾರುತಿ, ಫಿಯೆಟ್, ಟಾಟಾ ಮೂವರೂ ಬಳಸಿದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ಲಿಗೆ ಕ್ಯಾಮ್‌ಗಳನ್ನು ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ ಬೇಕು. ಈ ಟೂಲ್ ಇಟ್ಟುಕೊಂಡವರ ಬಳಿ ಒಂದು ದಿನದ ಕೆಲಸ; ಇಲ್ಲದವರ ಬಳಿ ಹೋಗದಿರುವುದೇ ವಾಸಿ.

ಬ್ಲಾಕಿನೊಳಗಿನ ಕ್ಯಾಮ್

ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ ಮೂಲತಃ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಯದು. ಕ್ಯಾಮ್ ಬ್ಲಾಕಿನಲ್ಲಿ, ಅಲ್ಲಿಂದ ಪುಶ್‌ರಾಡ್ ಮೂಲಕ ಮೇಲಿನ ರಾಕರಿಗೆ ಚಾಲನೆ. ಡಿಸ್ಟ್ರಿಬ್ಯೂಟರ್ ಮತ್ತು ಆಯಿಲ್ ಪಂಪ್ ತಿರುಗುವುದೂ ಇದೇ ಕ್ಯಾಮ್‌ನಿಂದ. ಹಾಗಾಗಿ ಕ್ಯಾಮ್ ಎಳೆಯಬೇಕಾದರೆ ರಾಕರ್, ಪುಶ್‌ರಾಡ್, ಟ್ಯಾಪೆಟ್, ಟೈಮಿಂಗ್ ಕವರ್, ಸಂಪ್, ಡಿಸ್ಟ್ರಿಬ್ಯೂಟರ್ ಎಲ್ಲ ಹೊರಬರಬೇಕು. ಹೆಚ್ಚಿನವರು ಎಂಜಿನ್ನನ್ನೇ ಇಳಿಸಿಕೊಂಡು ಮಾಡುತ್ತಾರೆ, ಅದೇ ನೆಮ್ಮದಿ. ಈಗ ಇದು ಹಳೆಯ ಕಾರು ಜತನ ಮಾಡುವವರ ಸಂಗತಿ. ಅವರು ಒಂದು ವಿಷಯ ನೆನಪಿಡಬೇಕು: ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ಕೂರಿಸಬಾರದು, ಸವೆದ ಮುಖ ಹೊಸ ಲೋಬನ್ನೂ ತಿನ್ನುತ್ತದೆ. ಮೊದಲ ಸ್ಟಾರ್ಟ್‌ನಲ್ಲಿ ಐಡಲ್‌ಗೆ ಬಿಡದೆ ಸುಮಾರು 2000 ಸುತ್ತಿನಲ್ಲಿ 20 ನಿಮಿಷ ಓಡಿಸಬೇಕು, ಸತು ಮತ್ತು ರಂಜಕದ ಅಂಶ ಹೆಚ್ಚಿರುವ ಆಯಿಲ್ ಹಾಕಿಕೊಂಡು. ಲೋಬ್‌ಗೆ ಅಲ್ಲಿ ಆಯಿಲ್ ಸಿಗುವುದು ಬಹುಪಾಲು ಕ್ರ್ಯಾಂಕಿನಿಂದ ಸಿಡಿದು. ನಿಧಾನಕ್ಕೆ ಓಡಿದರೆ ಸಿಡಿಯುವುದೂ ಕಡಿಮೆ.

ದಿನಗಳು ಎಲ್ಲಿ ಹೋಗುತ್ತವೆ

ಕ್ಯಾಮ್ ದಿನನಿತ್ಯ ಮಾರಾಟವಾಗುವ ಸಾಮಾನಲ್ಲ. ಬ್ರೇಕ್ ಪ್ಯಾಡ್, ಫಿಲ್ಟರ್ ಇಟ್ಟಂತೆ ಅಂಗಡಿಯವರು ಇದನ್ನು ಸಾಲಾಗಿ ಜೋಡಿಸಿಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಜನಪ್ರಿಯ ಕಾರುಗಳದ್ದು ಸಿಕ್ಕೀತು, ಅಷ್ಟೇನೂ ಓಡಾಡದ ಮಾದರಿಯದ್ದಾದರೆ ಕಂಪನಿಯ ಗೋದಾಮಿನಿಂದ ಬರಬೇಕು. ಆದ್ದರಿಂದ ಕಾರು ಇನ್ನೂ ಓಡುವ ಸ್ಥಿತಿಯಲ್ಲಿದ್ದು, ಸದ್ದು ಸಣ್ಣದಿದ್ದರೆ, ಮೊದಲು ಸಾಮಾನು ತರಿಸಿಕೊಂಡು ಆಮೇಲೆ ಬಿಚ್ಚಿಸಿ. ಕ್ಯಾಮ್ ಜೊತೆಗೆ ಟ್ಯಾಪೆಟ್ ಅಥವಾ ರಾಕರ್, ಕ್ಯಾಮ್ ಆಯಿಲ್ ಸೀಲ್, ವಾಲ್ವ್ ಕವರ್ ಗ್ಯಾಸ್ಕೆಟ್, ಸೀಲೆಂಟ್, ಆಯಿಲ್, ಫಿಲ್ಟರ್ ಒಂದೇ ಪಟ್ಟಿಯಲ್ಲಿರಲಿ. ಬೆಲ್ಟ್ ಎಂಜಿನ್ನಾದರೆ ಬೆಲ್ಟ್, ಟೆನ್ಷನರ್ ಕೂಡ. ಬೆಲ್ಟೇ ತಿರುಗಿಸುವ ವಾಟರ್ ಪಂಪ್ ಇದ್ದರೆ ಅದೂ. ಬಿಚ್ಚುವ ಕೂಲಿ ಹೇಗೂ ಕೊಟ್ಟಾಗಿದೆ. ಆರು ತಿಂಗಳ ನಂತರ ಅದೇ ಕವರನ್ನು ಮತ್ತೊಮ್ಮೆ ದುಡ್ಡು ಕೊಟ್ಟು ಬಿಚ್ಚಿಸುವುದು ಬೇಡ.

ಗುಜರಿಯಿಂದ ಬಿಡಿ ಕ್ಯಾಮ್ ತರುವುದನ್ನು ನಾನು ಒಪ್ಪುವುದಿಲ್ಲ. ಒಂದು ಎಂಜಿನ್ನಿನ ಲೋಬ್ ಅದರದೇ ಟ್ಯಾಪೆಟ್ಟಿನೊಂದಿಗೆ ಹೊಂದಿ ಸವೆದಿರುತ್ತದೆ. ತರಲೇಬೇಕಾದರೆ ಕ್ಯಾಮ್, ಕ್ಯಾಪ್, ಟ್ಯಾಪೆಟ್ ಸಮೇತ ಇಡೀ ಹೆಡ್ಡನ್ನೇ ತಂದು, ತಪಾಸಣೆ ಮಾಡಿಸಿ ಕೂರಿಸುವುದು ಮೇಲು. ಹೆಡ್ ಗ್ಯಾಸ್ಕೆಟ್, ಕೂಲಂಟ್ ಖರ್ಚು, ಅರ್ಧ ದಿನದ ಕೆಲಸ ಹೆಚ್ಚಾಗುತ್ತದೆ, ಅಷ್ಟೆ.

ದಿನಗಳನ್ನು ನುಂಗುವ ಇನ್ನೊಂದು ಸಂಗತಿ ಕ್ಯಾಮ್ ಹಾಳಾಗುವುದರ ಹಿಂದಿದೆ ಎಂದು ಹೇಳಿ ಆಗಲೇ ಮುಂದೂಡಿದ್ದ ಆ ಕಾರಣ. ಬಹುತೇಕ ಆಯಿಲ್ ಕತೆಯೇ: ಸರ್ವಿಸ್ ತಪ್ಪಿಸಿದ್ದು, ತಪ್ಪು ಗ್ರೇಡ್ ಹಾಕಿದ್ದು, ಕಪ್ಪು ಕೆಸರು ಕಟ್ಟಿ ಹೆಡ್ಡಿನ ಸಣ್ಣ ದಾರಿಗಳು ಮುಚ್ಚಿದ್ದು. ಇಂದಿನ ಹಲವು ಎಂಜಿನ್‌ಗಳಲ್ಲಿ ಕ್ಯಾಮ್‌ಗೆ ಬೇರೆ ಬೇರಿಂಗ್ ಇಲ್ಲ, ಹೆಡ್ಡಿನ ಅಲ್ಯೂಮಿನಿಯಂ ಮೇಲೇ ತಿರುಗುತ್ತದೆ. ಆ ಜಾಗದಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಹೊಸ ಕ್ಯಾಮ್ ಕೂರಿಸಿ ಪ್ರಯೋಜನವಿಲ್ಲ. ಹೆಡ್ ಬಿಚ್ಚಿ ಎಂಜಿನ್ ರಿಪೇರಿ ಮಾಡುವ ಲೇತ್ ಅಂಗಡಿಗೆ ಹೋಗಬೇಕು, ಇಲ್ಲವೇ ಹೊಸ ಹೆಡ್ ತರಬೇಕು. ಆಗ ವಾರ ಎಂಬುದು ಸೋಮಾರಿತನದ ಮಾತಲ್ಲ. ಸವೆದ ಲೋಹದ ಪುಡಿ ಆಯಿಲ್‌ನಲ್ಲಿ ಬೆರೆತು ಸಂಪಿನ ಜಾಲರಿಯಲ್ಲಿ ಕೂತಿರುತ್ತದೆ. ಸಂಪ್ ಇಳಿಸಿ ತೊಳೆದು, ಆಯಿಲ್ ಪ್ರೆಷರ್ ಗೇಜ್ ಹಾಕಿ ನೋಡಲು ಇನ್ನೊಂದೆರಡು ಗಂಟೆ ಕೇಳಿದರೆ ಕೊಡಿ.

ಎಸ್ಟಿಮೇಟ್ ಬರೆಸುವಾಗ ಕೇಳಬೇಕಾದ ಮಾತುಗಳೂ ಇವುಗಳಿಂದಲೇ ಹುಟ್ಟುತ್ತವೆ. ಈ ಎಂಜಿನ್ನಿನ ಲಾಕಿಂಗ್ ಟೂಲ್ ನಿಮ್ಮಲ್ಲಿದೆಯೇ? ಟ್ಯಾಪೆಟ್ ಗ್ಯಾಪ್ ಅಳತೆಗಳನ್ನು ಬರೆದು ಕೊಡುತ್ತೀರಾ? ಬಕೆಟ್ ಬೇಕಾದರೆ ಎಷ್ಟು ದಿನದಲ್ಲಿ ಬರುತ್ತದೆ? ಹೆಡ್ಡಿನಲ್ಲಿ ಗೀರು ಕಂಡರೆ ಮುಂದಿನ ಕೆಲಸಕ್ಕೆ ಮೊದಲು ಫೋನ್ ಮಾಡುತ್ತೀರಾ? ಕಂಪನಿಯ ಸರ್ವಿಸ್ ಸೆಂಟರುಗಳಲ್ಲಿ ಕೂಲಿಯನ್ನು ಸಾಮಾನ್ಯವಾಗಿ ಆ ಕೆಲಸಕ್ಕೆಂದು ಮೊದಲೇ ನಿಗದಿಯಾದ ಗಂಟೆಗಳ ಮೇಲೆ ಹಾಕುತ್ತಾರೆ, ನಿಜಕ್ಕೂ ಹಿಡಿದ ಹೊತ್ತಿನ ಮೇಲಲ್ಲ. ಅದು ಎಷ್ಟು ಎಂದು ಕೇಳಿ ತಿಳಿಯಲು ನಿಮಗೆ ಹಕ್ಕಿದೆ. ಹೊರಗಿನ ಗ್ಯಾರೇಜಿನಲ್ಲಿ ಇಡೀ ಕೆಲಸಕ್ಕೆ ಇಷ್ಟು ಎಂದು ಮಾತಾಡಿಕೊಂಡರೆ, ಆ ಮಾತಿನಲ್ಲಿ ಗ್ಯಾಪ್ ಸೆಟ್ಟಿಂಗ್ ಸೇರಿದೆಯೇ ಎಂದು ಸ್ಪಷ್ಟ ಮಾಡಿಕೊಳ್ಳಿ.

ಕಾರು ತರಲು ಹೋದಾಗ ಸೀಲೆಂಟ್ ಹಾಕಿ ಎಷ್ಟು ಹೊತ್ತಾಯಿತು ಎಂದು ವಿಚಾರಿಸಿ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಅದು ಒಣಗದೆ ಆಯಿಲ್ ತುಂಬಿಸಿದರೆ ಸೋರಿಕೆ ಖಂಡಿತ. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಟೈಮಿಂಗ್ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಿರಬೇಕು. ಮೊದಲ ಕೆಲವು ಸೆಕೆಂಡು ಟ್ಯಾಪೆಟ್ ಸದ್ದು ಬಂದರೆ ಗಾಬರಿ ಬೇಡ, ಆಯಿಲ್ ಮೇಲೇರಲು ಅಷ್ಟು ಹೊತ್ತು ಬೇಕು. ಒಂದೆರಡು ನಿಮಿಷವಾದರೂ ನಿಲ್ಲದಿದ್ದರೆ ಆಫ್ ಮಾಡಿಸಿ. ಮೊದಲ ಸಾವಿರ ಕಿಲೋಮೀಟರ್ ದಾಟುವಷ್ಟರಲ್ಲಿ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಿಸಿ, ಹಳೆಯ ಆಯಿಲ್‌ನಲ್ಲಿ ಲೋಹದ ಮಿಂಚು ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿಸಿ. ಇದ್ದರೆ ಆ ದಿನವೇ ಮತ್ತೆ ಕವರ್ ಬಿಚ್ಚಿಸಿ.